ಹೈಟಿಯ ಗುಡ್ಡದಲ್ಲಿ ಗಿಡ ನೆಡುವುದು ಹೇಗೆ: ಮೊದಲು ಮರ ಕಡಿಯುವವರನ್ನು ಮಾತಾಡಿಸಿ

ಹೈಟಿ ಎಂದ ತಕ್ಷಣ ಎಲ್ಲರೂ ತೋರಿಸುವುದು ಅದೇ ಒಂದು ಉಪಗ್ರಹ ಚಿತ್ರ. ಒಂದೇ ದ್ವೀಪ, ನಡುವೆ ಗಡಿ. ಪೂರ್ವಕ್ಕೆ ಡೊಮಿನಿಕನ್ ಗಣರಾಜ್ಯ, ಹಸಿರು. ಪಶ್ಚಿಮಕ್ಕೆ ಹೈಟಿ, ಬೋಳು. ನೋಡಿದವರಿಗೆ ಕೂಡಲೇ ಅನಿಸುವುದೇನು? ಅಯ್ಯೋ, ಈ ಜನಕ್ಕೆ ಯಾರಾದರೂ ಮರದ ಬೆಲೆ ತಿಳಿಸಿ ಹೇಳಬಾರದಾ ಅಂತ. ಎಡವಟ್ಟು ಶುರುವಾಗುವುದೇ ಇಲ್ಲಿಂದ. ಮರದ ಬೆಲೆ ಹೈಟಿಯ ರೈತನಿಗೆ ಗೊತ್ತಿರುವಷ್ಟು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದು ಮೂಟೆ ಇದ್ದಿಲಿಗೆ ಇವತ್ತು ಎಷ್ಟು ಗೂರ್ದ್ (ಅಲ್ಲಿಯ ಹಣ) ಸಿಗುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾನೆ.

ಯಾವುದೋ ಸಂಸ್ಥೆಯಲ್ಲಿ ಕೂತು ಹೈಟಿಯಂಥ ದೇಶಕ್ಕೆ ಗಿಡ ನೆಡುವ ಯೋಜನೆ ಬರೆಯುವವರಿಗೆ, ಅಲ್ಲಿಯ ಜನರ ಜೊತೆ ಕೆಲಸ ಮಾಡುವವರಿಗೆ, ಇಲ್ಲವೇ ಇಂಥ ಯೋಜನೆಗಳು ಯಾಕೆ ಪದೇ ಪದೇ ನೆಲಕಚ್ಚುತ್ತವೆ ಎಂದು ಸುಮ್ನೆ ಕುತೂಹಲ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಸುತ್ತಲೇ ಸುತ್ತುತ್ತದೆ. ಕಡಿಯುವ ಹಕ್ಕು ಕೊಡದೆ ನೆಡಿಸಿದ ಗಿಡ ಬದುಕುವುದಿಲ್ಲ.

ಅಂಕಿಗಳನ್ನು ಜರಡಿ ಹಿಡಿಯಿರಿ

"ಹೈಟಿಯಲ್ಲಿ ಉಳಿದಿರುವುದು ಶೇ. 2ರಷ್ಟು ಕಾಡು ಮಾತ್ರ" ಎಂಬ ವಾಕ್ಯ ನಿಮ್ಮ ಕರಡಿನಲ್ಲಿ ಇದ್ದರೆ ಒಂದು ಗಳಿಗೆ ನಿಲ್ಲಿ. ದಶಕಗಳಿಂದ ಒಬ್ಬರ ವರದಿಯಿಂದ ಇನ್ನೊಬ್ಬರ ವರದಿಗೆ ದಾಟಿಕೊಂಡು ಬಂದ ಅಂಕಿ ಅದು. 2014ರಲ್ಲಿ ಉಪಗ್ರಹ ಚಿತ್ರಗಳನ್ನು ಹಿಡಿದು ಲೆಕ್ಕ ಹಾಕಿದ ಅಧ್ಯಯನವೊಂದು, ಮರಗಳ ಹೊದಿಕೆ ಸುಮಾರು ಶೇ. 30ರಷ್ಟಿದೆ ಎಂದಿತು. 2018ರಲ್ಲಿ ಬಂದ ಇನ್ನೊಂದು ಅಧ್ಯಯನ, ಯಾರೂ ಮುಟ್ಟದ ಮೂಲ ಕಾಡು 1988ರಲ್ಲಿ ಶೇ. 4.4 ಇದ್ದದ್ದು 2016ಕ್ಕೆ ಶೇ. 0.32ಕ್ಕೆ ಇಳಿದಿದೆ ಎಂದಿತು.

ಎರಡರಲ್ಲಿ ಒಂದು ಸುಳ್ಳು ಅಂದುಕೊಳ್ಳಬೇಡಿ. ಒಬ್ಬರು ಎಣಿಸಿದ್ದು ಮರಗಳನ್ನು, ಇನ್ನೊಬ್ಬರು ಎಣಿಸಿದ್ದು ಹಳೇ ಕಾಡನ್ನು. ಮನೆಯ ಸುತ್ತ ಮಾವು, ಬೆಣ್ಣೆಹಣ್ಣು, ದೀವಿಹಲಸು, ಅದರ ಕೆಳಗೆ ಕಾಫಿ, ಬಾಳೆ, ಗೆಣಸು ಹೀಗೆ ಒತ್ತೊತ್ತಾಗಿ ಬೆಳೆಸುವ ಹಿತ್ತಲನ್ನು ಹೈಟಿಯವರು ಜಾದೆನ್ ಲಾಕು ಎನ್ನುತ್ತಾರೆ. ಅದು ಕಾಡಲ್ಲ, ಆದರೆ ಬೋಳು ನೆಲವೂ ಅಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಕಾಡು ಎನಿಸಿಕೊಳ್ಳಲು ಕನಿಷ್ಠ ಅರ್ಧ ಹೆಕ್ಟೇರ್ ಜಾಗ, 5 ಮೀಟರ್ ಎತ್ತರದ ಮರ, ಶೇ. 10ರಷ್ಟು ನೆರಳು ಇರಬೇಕು. ಜೊತೆಗೆ ಆ ಜಾಗ ಮುಖ್ಯವಾಗಿ ಬೇಸಾಯಕ್ಕೆ ಬಳಕೆ ಆಗುತ್ತಿರಬಾರದು. ಅಂದರೆ ರೈತನೇ ಕಾಪಾಡಿಕೊಂಡು ಬಂದ ಹಿತ್ತಲು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನೀವು ಯಾವುದರ ಬಗ್ಗೆ ಮಾತಾಡುತ್ತಿದ್ದೀರಿ ಅಂತ ಬಿಡಿಸಿ ಬರೆಯಿರಿ. ಅಪರೂಪದ ಕಪ್ಪೆ, ಹಕ್ಕಿಗಳ ಚಿಂತೆ ಇದ್ದರೆ ಮಕಾಯಾ, ಲಾ ವಿಸೀತ್ ಕಡೆಯ ಹಳೇ ಕಾಡಿನ ತುಣುಕುಗಳ ಬಗ್ಗೆ ಬರೆಯಿರಿ. ಮಣ್ಣು, ನೀರು, ಊಟದ ಚಿಂತೆ ಇದ್ದರೆ ರೈತನ ಹೊಲದ ಬಗ್ಗೆ ಬರೆಯಿರಿ. ಎರಡನ್ನೂ ಒಂದೇ ಯೋಜನೆಗೆ ತುರುಕಬೇಡಿ. ಈ ಬರಹ ಎರಡನೆಯದರ ಬಗ್ಗೆ ಮಾತ್ರ.

ಹಿರಿಯರ ಹತ್ತಿರ ಕೂತು ಹಳೆಯ ಲೆಕ್ಕ ಕೇಳಿ

ಸಸಿ, ಸಲಿಕೆ ಎಲ್ಲ ಆಮೇಲೆ. ಹಳ್ಳಿಗೆ ಹೋದ ಮೊದಲ ವಾರ ಮಾಡಬೇಕಾದ ಕೆಲಸ ಅಂದರೆ ವಯಸ್ಸಾದವರ ಹತ್ತಿರ ಕೂತು, ಈ ಮೊದಲು ಯಾರ್ಯಾರು ಬಂದು ಏನೇನು ಮಾಡಿ ಹೋದರು ಎಂದು ಕೇಳುವುದು. ಕ್ರೆಯೋಲ್ ಭಾಷೆಯಲ್ಲೇ ಕೇಳಿ, ಇಲ್ಲವೇ ಕ್ರೆಯೋಲ್ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ಫ್ರೆಂಚ್ ಕಾಗದದ ಭಾಷೆ, ಹಳ್ಳಿಯ ಭಾಷೆ ಅಲ್ಲ.

ಅವರ ನೆನಪು ಉದ್ದ. ಫ್ರಾನ್ಸಿನ ಹಿಡಿತದಲ್ಲಿದ್ದ ಗುಲಾಮರೇ ದಂಗೆಯೆದ್ದು 1804ರಲ್ಲಿ ಕಟ್ಟಿಕೊಂಡ ದೇಶ ಇದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ನಮ್ಮ ಆಸ್ತಿ ಹೋಯಿತು, ಪರಿಹಾರ ಕೊಡಿ ಎಂದು 15 ಕೋಟಿ ಫ್ರಾಂಕ್ ಕೇಳಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ಅದನ್ನು ತೀರಿಸಲು ಮಾಡಿದ ಸಾಲಗಳ ಬಾಲ 1947ರವರೆಗೂ ಎಳೆಯಿತು. ಕಾಫಿ, ಬೆಲೆಬಾಳುವ ಮರ ಎಲ್ಲ ಹಡಗು ಹತ್ತಿದವು.

1941ರಲ್ಲಿ ಅಮೆರಿಕದ ದುಡ್ಡಿನಲ್ಲಿ ಶಾದಾ ಎಂಬ ಕಂಪನಿ ಬಂತು. ಯುದ್ಧಕ್ಕೆ ರಬ್ಬರ್ ಬೇಕು ಎಂದು ರೈತರ ಜಮೀನು ತೆಗೆದುಕೊಂಡು, ಹಣ್ಣಿನ ಮರಗಳನ್ನು ಕಡಿಸಿ ರಬ್ಬರ್ ಬಳ್ಳಿ ಹಾಕಿಸಿತು. 1944ಕ್ಕೆ ಎಲ್ಲ ಕೈಬಿಟ್ಟರು. ಆಮೇಲೆ 1982-83ರ ಹಂದಿ ಕಥೆ. ಆಫ್ರಿಕನ್ ಹಂದಿ ಜ್ವರ ಹರಡೀತು ಎಂದು ಊರ ಕರಿ ಹಂದಿಗಳನ್ನೆಲ್ಲ ಕೊಲ್ಲಿಸಿದರು. ಬೀದಿಯ ಕಸ, ಮಾವಿನ ಗೊರಟೆ ತಿಂದು ಬೆಳೆಯುತ್ತಿದ್ದ ಆ ಹಂದಿಯೇ ರೈತನ ಬ್ಯಾಂಕ್ ಪಾಸ್‌ಬುಕ್ಕು. ಬದಲಿಗೆ ಅಮೆರಿಕದಿಂದ ಬಂದ ಹಂದಿಗಳಿಗೆ ಸಿಮೆಂಟ್ ನೆಲ ಬೇಕು, ಕೊಂಡ ಮೇವು ಬೇಕು. ಜನ ಅವಕ್ಕೆ ನಾಲ್ಕು ಕಾಲಿನ ರಾಜಕುಮಾರ ಅಂತ ಹೆಸರಿಟ್ಟರು. ಬ್ಯಾಂಕು ಹೋಯಿತು, ಮಕ್ಕಳ ಶಾಲೆ ಫೀಸಿಗೆ ದುಡ್ಡು ಎಲ್ಲಿಂದ ತರಬೇಕು? ಮರದಿಂದಲೇ. 1995ರಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇ. 3ಕ್ಕೆ ಇಳಿಸಿದ ಮೇಲೆ ಅಮೆರಿಕದ ಅಗ್ಗದ ಅಕ್ಕಿ ನುಗ್ಗಿ ಆರ್ತಿಬೊನೀತ್ ಕಣಿವೆಯ ಭತ್ತದ ರೈತರು ಸೊರಗಿದರು. ಸುಂಕ ಇಳಿಸಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರಲ್ಲಿ, ಅದು ತಪ್ಪಾಯಿತು ಎಂದು ಒಪ್ಪಿಕೊಂಡರು. ಒಪ್ಪಿಕೊಂಡರೆ ಭತ್ತ ಬರುತ್ತದಾ?

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನೀವು ಸಸಿ ಹಿಡಿದುಕೊಂಡು ನಿಂತಾಗ ಎದುರಿಗಿರುವವರು ನೋಡುತ್ತಿರುವುದು ಸಸಿಯನ್ನಲ್ಲ. ಈ ಸಲ ಇವರು ಏನು ಕಿತ್ತುಕೊಂಡು ಹೋಗುತ್ತಾರೆ ಅಂತ ನೋಡುತ್ತಿರುತ್ತಾರೆ.

ಗಿಡ ಯಾರದ್ದು? ಜಾಗ ಯಾರದ್ದು?

1970ರ ದಶಕದವರೆಗೂ ಬಂದ ಯೋಜನೆಗಳ ಮಾತು ಒಂದೇ ಆಗಿತ್ತು. ಮಣ್ಣು ಉಳಿಸಲು ಗಿಡ ನೆಡಿ, ಕಡಿಯಬೇಡಿ. ಮರ ಕಡಿಯಲು ಸರ್ಕಾರದ ಪರವಾನಗಿ ಬೇಕು ಎಂಬ ಕಾನೂನು ಬೇರೆ. ರೈತರಿಗೆ ಇದು ಕೇಳಿಸಿದ್ದು ಹೀಗೆ: ನಮ್ಮ ಹೊಲದಲ್ಲಿ ಸರ್ಕಾರದ ಮರ, ನಾಳೆ ಮರದ ಹಿಂದೆಯೇ ಹೊಲವೂ ಹೋಗುತ್ತದೆ. ಅದಕ್ಕೇ ಹಗಲು ನೆಟ್ಟ ಸಸಿಗೆ ಮೇಕೆ ಹೇಗೋ ದಾರಿ ಹುಡುಕಿಕೊಳ್ಳುತ್ತಿತ್ತು.

ಜೆರಾಲ್ಡ್ ಮರ್ರೆ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಈ ಮಾತನ್ನೇ ತಿರುಗಿಸಿ ಹಾಕಿದರು. 1981ರಲ್ಲಿ ಶುರುವಾದ ಯೋಜನೆಯಲ್ಲಿ ರೈತರಿಗೆ ಹೇಳಿದ್ದು ಇಷ್ಟು. ಇದು ಜೋಳದಂತೆ ಒಂದು ಬೆಳೆ, ಮರದ ಬೆಳೆ. ನೆಡುವವರು ನೀವು, ಮರ ನಿಮ್ಮದು, ಬೇಕಾದಾಗ ಕಡಿದು ಇದ್ದಿಲು ಮಾಡಿ, ಕಂಬ ಮಾಡಿ, ನಮ್ಮನ್ನು ಕೇಳಲೂಬೇಡಿ. ದುಡ್ಡು ಸರ್ಕಾರಿ ಇಲಾಖೆಯ ಕೈಗೆ ಹೋಗದೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಹಳ್ಳಿಗೆ ಹೋಯಿತು. ನಾಲ್ಕು ವರ್ಷಕ್ಕೆ 30 ಲಕ್ಷ ಗಿಡ ಗುರಿ ಇತ್ತು. ಆದದ್ದು ಸುಮಾರು 2 ಕೋಟಿ, 75 ಸಾವಿರದಷ್ಟು ಕುಟುಂಬಗಳ ಹೊಲಗಳಲ್ಲಿ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಬೇರೆಯೇ ಒಂದು ಸಂಗತಿ. ಕಡಿಯಲು ಪೂರ್ತಿ ಸ್ವಾತಂತ್ರ್ಯ ಇದ್ದರೂ ಎಷ್ಟೋ ಜನ ಬೇಗ ಕಡಿಯಲಿಲ್ಲ. ಕಷ್ಟಕಾಲಕ್ಕೆ ಇರಲಿ ಎಂದು ಉಳಿಸಿಕೊಂಡರು. ಹೋದ ಹಂದಿಯ ಜಾಗಕ್ಕೆ ಮರ ಬಂದಿತ್ತು ಅನ್ನಿ.

ಅದರಿಂದ ದೇಶ ಪೂರ್ತಿ ಹಸಿರಾಯಿತಾ? ಇಲ್ಲ. ನಗರದ ಒಲೆಗಳ ಹಸಿವು ಅದಕ್ಕಿಂತ ದೊಡ್ಡದಿತ್ತು, 1991ರ ಸೇನಾ ದಂಗೆ, ಆಮೇಲಿನ ದಿಗ್ಬಂಧನ ಎಲ್ಲ ಬಂದವು. ಆದರೂ ಆ ಪಾಠ ಇವತ್ತಿಗೂ ಹಳತಾಗಿಲ್ಲ.

ಜಾಗದ ವಿಚಾರ ಇನ್ನೂ ಸಿಕ್ಕು. ಒಂದೇ ಕುಟುಂಬದ್ದು ಗುಡ್ಡದ ಮೇಲೊಂದು ತುಂಡು, ಕೆಳಗೊಂದು ತುಂಡು, ಹಳ್ಳದ ಪಕ್ಕ ಇನ್ನೊಂದು, ಹೀಗೆ ಚದುರಿರುತ್ತದೆ. ಕೊಂಡದ್ದು ಒಂದು, ಅಣ್ಣತಮ್ಮ ಅಕ್ಕತಂಗಿಯರ ಪಾಲಾಗದೆ ಒಟ್ಟಿಗೆ ಉಳಿದದ್ದು ಇನ್ನೊಂದು, ಅರ್ಧ ಬೆಳೆ ಕೊಡುವ ಕರಾರಿನ ಮೇಲೆ ಮಾಡುವ ದೆಮ್ವಾತ್ಯೆ ಮತ್ತೊಂದು. ಕಾಗದ ಕೇಳಿದರೆ ಹೆಚ್ಚಿನವರ ಹತ್ತಿರ ಇರುವುದಿಲ್ಲ, ಕೇಳಿದ್ದಕ್ಕೆ ಅನುಮಾನ ಬೇರೆ ಬರುತ್ತದೆ. ಅದರ ಬದಲು ಹೊಲದಲ್ಲಿ ನಿಂತು ಈ ಒಂದು ಪ್ರಶ್ನೆ ಕೇಳಿ: "ಇಲ್ಲಿ ಮರ ಬೆಳೆದ ಮೇಲೆ ನೀವು ಕಡಿದರೆ ಯಾರು ಜಗಳಕ್ಕೆ ಬರುತ್ತಾರೆ?" ಯಾರೂ ಇಲ್ಲ ಎಂದರೆ ಅಲ್ಲಿ ಮರ ನೆಡಬಹುದು. ನಗರದಲ್ಲಿರುವ ಅಣ್ಣ ಬರುತ್ತಾನೆ ಎಂದರೆ ಮೊದಲು ಅಣ್ಣನ ಜೊತೆ ಮಾತಾಡಬೇಕು. ಜಮೀನಿನ ಮಾಲೀಕ ಬರುತ್ತಾನೆ ಎಂದರೆ ಅಲ್ಲಿ ಮರ ಬಿಡಿ, ಎರಡು ಹಂಗಾಮಿನಲ್ಲಿ ಫಲ ಕೊಡುವ ಕಬ್ಬು, ಅನಾನಸು, ತೊಗರಿ ಹಾಕಿ. ಬೇರೆಯವರ ನೆಲದಲ್ಲಿ ಹತ್ತು ವರ್ಷದ ಮರ ನೆಡುವಷ್ಟು ಪೆದ್ದರು ಅಲ್ಲಿ ಯಾರೂ ಇಲ್ಲ.

ಎ ಚೌಕಟ್ಟು ಮಾಡಿಕೊಳ್ಳಿ

ಈಗ ಕೈಕೆಲಸಕ್ಕೆ ಬರೋಣ. ಹೈಟಿಯಲ್ಲಿ ಬಯಲು ಕಮ್ಮಿ, ಗುಡ್ಡ ಜಾಸ್ತಿ. ಬೆಟ್ಟದ ಹಿಂದೆ ಮತ್ತೆ ಬೆಟ್ಟ ಎಂದು ಅವರ ಗಾದೆಯೇ ಇದೆ. ಆ ಇಳಿಜಾರಿನಲ್ಲೇ ಜೋಳ, ಹುರುಳಿಕಾಯಿ, ತೊಗರಿ ಬೆಳೆಯುತ್ತಾರೆ. ಮಳೆ ಬಿದ್ದರೆ ನೀರು ನೇರ ಕೆಳಗೆ ಓಡುತ್ತದೆ, ಮಣ್ಣೂ ಜೊತೆಗೆ ಓಡುತ್ತದೆ. ನೀರನ್ನು ಅಡ್ಡ ಹಿಡಿಯಬೇಕಾದರೆ ಗುಡ್ಡದ ಮೇಲೆ ಒಂದೇ ಮಟ್ಟದಲ್ಲಿ ಹೋಗುವ ಗೆರೆ ಬೇಕು. ಕಣ್ಣಂದಾಜಿಗೆ ಎಳೆದ ಗೆರೆ ಯಾವಾಗಲೂ ಮೋಸ ಮಾಡುತ್ತದೆ. ಎಲ್ಲೋ ಒಂದು ಕಡೆ ತಗ್ಗಾಗಿ ನೀರೆಲ್ಲ ಅಲ್ಲಿಗೇ ಬಂದು ಒಡೆದುಕೊಂಡು ಹೋಗುತ್ತದೆ.

ಇದಕ್ಕೆ ದುಬಾರಿ ಯಂತ್ರ ಬೇಡ. ಎರಡು ಮೀಟರ್ ಉದ್ದದ ಎರಡು ನೇರ ಕೋಲು, ಒಂದು ಮೀಟರಿನ ಅಡ್ಡಕೋಲು, ಹಗ್ಗ, ಒಂದು ಕಲ್ಲು ಸಾಕು. ಉದ್ದದ ಕೋಲುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಕೋಲು ಕಟ್ಟಿ. ಇಂಗ್ಲಿಷಿನ ಎ ಅಕ್ಷರದಂತೆ ಆಯಿತಲ್ವಾ? ತುದಿಯಿಂದ ದಾರ ಇಳಿಬಿಟ್ಟು ಅದಕ್ಕೆ ಕಲ್ಲು ಕಟ್ಟಿ. ದಾರ ಅಡ್ಡಕೋಲನ್ನು ದಾಟಿ ಸ್ವಲ್ಪ ಕೆಳಗೆ ಬರಬೇಕು.

ಈಗ ಮಟ್ಟ ಗುರುತಿಸುವುದು. ಎರಡು ಕಾಲುಗಳನ್ನು ನೆಲದಲ್ಲಿ ಊರಿ, ಕಾಲಿದ್ದ ಜಾಗಕ್ಕೆ ಗೂಟ ಹೊಡೆಯಿರಿ. ಕಲ್ಲು ತೂಗಾಡುವುದು ನಿಂತ ಮೇಲೆ ದಾರ ಅಡ್ಡಕೋಲನ್ನು ಮುಟ್ಟುವ ಕಡೆ ಚಾಕುವಿನಲ್ಲಿ ಗುರುತು ಮಾಡಿ. ಆಮೇಲೆ ಚೌಕಟ್ಟನ್ನು ತಿರುಗಿಸಿ, ಎಡಗಾಲು ಇದ್ದಲ್ಲಿ ಬಲಗಾಲು, ಬಲಗಾಲು ಇದ್ದಲ್ಲಿ ಎಡಗಾಲು ಇಟ್ಟು ಇನ್ನೊಂದು ಗುರುತು ಮಾಡಿ. ಎರಡು ಗುರುತುಗಳ ನಟ್ಟನಡುವೆ ಮೂರನೆಯ ಗುರುತು ಹಾಕಿ. ಅದೇ ಮಟ್ಟ. ದಾರ ಅಲ್ಲಿಗೆ ಬಂದರೆ ಎರಡು ಕಾಲೂ ಒಂದೇ ಎತ್ತರದಲ್ಲಿವೆ ಎಂದರ್ಥ. ಗಾಳಿ ಬೀಸುವ ಹೊತ್ತಿನಲ್ಲಿ ಮಾಡಬೇಡಿ, ದಾರ ನಿಲ್ಲುವುದಿಲ್ಲ, ಬೆಳಿಗ್ಗೆ ಬೇಗ ಮಾಡಿ.

ಗುಡ್ಡದ ಒಂದು ಅಂಚಿಗೆ ಗೂಟ ಹೊಡೆದು ಒಂದು ಕಾಲು ಅಲ್ಲಿಡಿ. ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸುತ್ತಾ ದಾರ ನಡುಗುರುತಿಗೆ ಬಂದಲ್ಲಿ ಊರಿ ಗೂಟ ಹೊಡೆಯಿರಿ. ಹಾಗೇ ಹೆಜ್ಜೆ ಹೆಜ್ಜೆಗೆ ಹೊಲ ದಾಟಿ. ಹಿಂದೆ ನಿಂತು ನೋಡಿದರೆ ಗೂಟಗಳ ಸಾಲು ಗುಡ್ಡದ ಹೊಟ್ಟೆಯ ಸುತ್ತ ಹಾವಿನಂತೆ ಹೋಗಿರುತ್ತದೆ. ಮೊಂಡಾಗಿ ಮುಂದೆ ಹಿಂದೆ ನಿಂತ ಒಂದೆರಡು ಗೂಟಗಳನ್ನು ಸರಿಮಾಡಿ ಗೆರೆ ನಯ ಮಾಡಿ. ಕೆಳಗಿನ ಮುಂದಿನ ಸಾಲು ಎಷ್ಟು ದೂರ? ಕಡಿದಾದ ಕಡೆ ಹತ್ತಿರ, ಇಳಿಜಾರು ಕಮ್ಮಿ ಇರುವ ಕಡೆ ದೂರ. ಕೆಳಗೆ ಇಳಿದು ನಿಂತು ನೇರ ಮುಂದಕ್ಕೆ ನೋಡಿದಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಮೇಲಿನ ಸಾಲು ಸಿಕ್ಕರೆ, ನಿಂತ ಜಾಗದಲ್ಲೇ ಮುಂದಿನ ಸಾಲು ಹಾಕಬಹುದು. ಈ ಕೆಲಸ ನೀವು ಮಾಡಬೇಡಿ, ಹೇಳಿಕೊಟ್ಟು ಚೌಕಟ್ಟನ್ನು ಅವರ ಕೈಗೆ ಕೊಟ್ಟುಬಿಡಿ. ಒಂದು ಮಧ್ಯಾಹ್ನದಲ್ಲಿ ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

ಗೆರೆಯ ಮೇಲೆ ಏನು ಹಾಕಬೇಕು

ಅಗ್ಗದ್ದು ರಾಂಪ್ ಪಾಯ್. ಕೊಯ್ಲಾದ ಮೇಲೆ ಉಳಿದ ಜೋಳದ ದಂಟು, ಕಳೆ ಎಲ್ಲ ಗೂಟಗಳ ಸಾಲಿಗೆ ಒರಗಿಸಿ ಹಾಕಿ ಮೇಲೊಂದಿಷ್ಟು ಮಣ್ಣು ಎಳೆಯುವುದು. ಹೈಟಿಯ ರೈತರಿಗೆ ಇದು ಹಳೆಯ ವಿದ್ಯೆ. ಒಂದೆರಡು ಹಂಗಾಮಿಗೆ ಕೊಳೆತು ಹೋಗುತ್ತದೆ ನಿಜ, ಆದರೆ ಅಷ್ಟರಲ್ಲಿ ಹಿಂದೆ ಮಣ್ಣು ನಿಂತಿರುತ್ತದೆ.

ಜೀವಂತ ಬೇಲಿ ಬೇಕು ಎಂದರೆ ಸುಬಾಬುಲ್ ಬೀಜ ನೇರವಾಗಿ ಸಾಲಿಗೆ ಒತ್ತೊತ್ತಾಗಿ ಹಾಕಬಹುದು. ಬೀಜದ ಸಿಪ್ಪೆ ಗಟ್ಟಿ. ಒಲೆಯಿಂದ ಇಳಿಸಿದ ಬಿಸಿ ನೀರು ಸುರಿದು ಎರಡು ಮೂರು ನಿಮಿಷ ಬಿಟ್ಟು, ಬಸಿದು, ರಾತ್ರಿ ತಣ್ಣೀರಿನಲ್ಲಿ ನೆನೆಸಿ. ಕುದಿಯುತ್ತಿರುವಾಗಲೇ ಹಾಕಿ ಬೇಯಿಸಿಬಿಡಬೇಡಿ. ಬೆಳೆದ ಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸುತ್ತಾ ಸೊಪ್ಪನ್ನು ಬೆಳೆಗೆ ಹಾಕಬೇಕು. ಕತ್ತರಿಸದೆ ಬಿಟ್ಟರೆ ಜೋಳಕ್ಕೆ ನೆರಳಾಗುತ್ತದೆ, ಆಗ ರೈತ ಬೇಲಿಯನ್ನೇ ಕಿತ್ತು ಹಾಕುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನನಗೆ ಕೇಳಿದರೆ ಬಾನ್ ಮಾಂಜೆ ಎಲ್ಲಕ್ಕಿಂತ ಒಳ್ಳೆಯದು. ಅಂದರೆ ಊಟದ ಪಟ್ಟಿ. ಗೆರೆಯ ಮೇಲೆ ಕಬ್ಬು, ಅನಾನಸು, ಬಾಳೆ ಹೀಗೆ ತಿನ್ನುವುದನ್ನೇ ಹಾಕುವುದು. ಮಣ್ಣು ಉಳಿಸುವ ಸಾಲು ಅಡುಗೆಮನೆಗೂ ಬಂದರೆ ಅದನ್ನು ಕಾಯಲು ಯಾರೂ ಹೇಳಿಕೊಡಬೇಕಿಲ್ಲ.

ಲಾವಂಚದ ವಿಷಯದಲ್ಲಿ ಜೋಪಾನ. ಮಣ್ಣು ಹಿಡಿಯುವುದಕ್ಕೆ ಲಾವಂಚದಂಥ ಹುಲ್ಲು ಇಲ್ಲ, ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಆದರೆ ಅದೇ ಬೇರಿನ ಎಣ್ಣೆ ಸುಗಂಧದ ಕಂಪನಿಗಳಿಗೆ ಬೇಕು. ಆ ಎಣ್ಣೆ ತೆಗೆಯುವುದರಲ್ಲಿ ಹೈಟಿ ಜಗತ್ತಿನ ಮುಂಚೂಣಿಯಲ್ಲಿದೆ, ದಕ್ಷಿಣದ ಲೆ ಕಾಯ್ ಸುತ್ತಮುತ್ತ ಅದೇ ದೊಡ್ಡ ಆದಾಯ. ಎಣ್ಣೆಗಾಗಿ ಗುಡ್ಡದ ಮೇಲೆ ಬೇರು ಅಗೆದರೆ ಮಣ್ಣು ಸಡಿಲಾಗಿ ಮುಂದಿನ ಮಳೆಗೆ ಪೂರ್ತಿ ಕೆಳಗೆ. ಕಾಯುವ ಹುಲ್ಲೇ ಕೊಲ್ಲುವ ಹುಲ್ಲು. ದಕ್ಷಿಣದಲ್ಲಿ ಕೆಲಸ ಮಾಡುವುದಾದರೆ ಗೆರೆಯ ಸಾಲನ್ನು ಅಗೆಯುವುದಿಲ್ಲ, ನಡುವಿನ ಹೊಲದ್ದು ಮಾತ್ರ ಅಗೆಯುತ್ತೇವೆ ಎಂಬ ಮಾತುಕತೆ ಮೊದಲೇ ಆಗಲಿ.

ಕೊರಕಲು ಕಟ್ಟುವುದು

ನೀರು ಈಗಾಗಲೇ ಕೊರೆದು ಹಳ್ಳ ಮಾಡಿದ ಕಡೆ ಗಿಡದಿಂದ ಏನೂ ಆಗುವುದಿಲ್ಲ, ಕಲ್ಲು ಬೇಕು. ಎಲ್ಲರೂ ಮಾಡುವ ತಪ್ಪು ಏನೆಂದರೆ, ಕೊರಕಲು ಅಗಲವಾಗಿ ಭಯಂಕರವಾಗಿ ಕಾಣುವ ಕೆಳಭಾಗದಿಂದ ಶುರುಮಾಡುವುದು. ಫೋಟೋಗೆ ಚೆನ್ನ. ಆದರೆ ಮೇಲಿನಿಂದ ಬರುವ ನೀರಿನ ರಭಸಕ್ಕೆ ಅದು ನಿಲ್ಲುವುದಿಲ್ಲ. ಮೇಲೆ, ಒಂದು ಹೆಜ್ಜೆಯಲ್ಲಿ ದಾಟುವಷ್ಟು ಸಣ್ಣ ಇರುವಲ್ಲಿಂದ ಶುರುಮಾಡಿ ಕೆಳಗೆ ಬನ್ನಿ.

ಕಟ್ಟೆಯ ತುದಿಗಳನ್ನು ದಡದೊಳಗೆ ಅಗೆದು ಕೂರಿಸಿ. ಕಟ್ಟೆಯ ನಡುಭಾಗ ತಗ್ಗು, ಎರಡು ಪಕ್ಕ ಎತ್ತರ ಇರಲಿ. ನಡು ಎತ್ತರ ಮಾಡಿದರೆ ನೀರು ಪಕ್ಕದ ಮಣ್ಣು ಕೊರೆದುಕೊಂಡು ಕಟ್ಟೆಯನ್ನು ಬಳಸಿ ಹೋಗುತ್ತದೆ, ನಿಮ್ಮ ಕಟ್ಟೆ ಹಳ್ಳದ ಮಧ್ಯೆ ದ್ವೀಪದಂತೆ ನಿಂತಿರುತ್ತದೆ. ನೀರು ಬೀಳುವ ಕೆಳಗಡೆ ಚಪ್ಪಡಿ ಕಲ್ಲು ಹಾಸಿ. ಕೆಳಗಿನ ಕಟ್ಟೆಯ ತಲೆ ಮೇಲಿನ ಕಟ್ಟೆಯ ಪಾದದ ಮಟ್ಟಕ್ಕೆ ಬರಬೇಕು, ಇದಕ್ಕೂ ಎ ಚೌಕಟ್ಟು ಸಾಕು.

ಹಿಂದೆ ಮೆಕ್ಕಲು ತುಂಬಿದ ಮೇಲೆ ನೋಡಬೇಕು. ಇಡೀ ಗುಡ್ಡದಲ್ಲಿ ಅಷ್ಟು ಒಳ್ಳೆಯ, ಅಷ್ಟು ತಂಪಾದ ಮಣ್ಣು ಬೇರೆಲ್ಲೂ ಇರುವುದಿಲ್ಲ. ಹೈಟಿಯ ರೈತರು ಅಲ್ಲಿ ಬಾಳೆ, ಗೆಣಸು ಹಾಕುತ್ತಾರೆ, ಸುತ್ತಲಿನ ಜೋಳ ಒಣಗಿದಾಗಲೂ ಆ ಒಂದು ತುಂಡು ಹಸಿರಾಗಿರುತ್ತದೆ. ಆ ಬಾಳೆಯೇ ಕಟ್ಟೆಯ ಕಾವಲು. ಮೆಕ್ಕಲಿನ ಜಾಗ ಯಾರಿಗೆ ಸೇರುತ್ತದೆ ಎಂದು ಕಲ್ಲು ಹೊರುವ ಮುಂಚೆ ತೀರ್ಮಾನ ಆಗಿರಬೇಕು, ಇಲ್ಲದಿದ್ದರೆ ಎರಡೂ ದಡದವರ ಜಗಳದಲ್ಲಿ ಕಲ್ಲು ಹೋಗುತ್ತದೆ.

2004ರ ಸೆಪ್ಟೆಂಬರಿನಲ್ಲಿ ಜೀನ್ ಚಂಡಮಾರುತದ ಮಳೆಗೆ ಗೊನಾಯೀವ್ ಪಟ್ಟಣ ಕೆಸರಿನಲ್ಲಿ ಮುಳುಗಿ ಸುಮಾರು 3,000 ಜನ ಸತ್ತರು. ಸುತ್ತಲಿನ ಬೋಳು ಗುಡ್ಡಗಳಿಂದ ನೀರು ತಡೆಯಿಲ್ಲದೆ ಇಳಿದಿತ್ತು. ಸಣ್ಣ ಕಲ್ಲುಕಟ್ಟೆ ಅಂಥ ಮಳೆಯನ್ನು ತಡೆಯುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಆರ್ತಿಬೊನೀತ್ ನದಿಗೆ ಕಟ್ಟಿದ ಪೆಲಿಗ್ರ್ ಅಣೆಕಟ್ಟೆಯೇ ಗುಡ್ಡದ ಹೂಳು ತುಂಬಿ ಸೊರಗಿದೆ. ನೀವು ಕಟ್ಟುವುದು ಹತ್ತಾರು ಹೊಲಗಳ ಮಣ್ಣು ಉಳಿಸಲು, ಅಷ್ಟೇ ಹೇಳಿ.

ಸಸಿ ಮತ್ತು ಮೇಕೆ

ಸಸಿ ಚಿಕ್ಕದಿರಲಿ. ಕೊಡಗಟ್ಟಲೆ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲದ ಸಸಿಗಳನ್ನು ಗುಡ್ಡದ ಮೇಲೆ ಹೊರುವವರು ಹೆಣ್ಣುಮಕ್ಕಳು, ಹೇಸರಗತ್ತೆಗಳು. 1981ರ ಯೋಜನೆಯಲ್ಲಿ ಸಣ್ಣ ಗೂಡುಗಳಲ್ಲಿ ಬೆಳೆಸಿದ ಹಗುರ ಸಸಿಗಳನ್ನು ಬಳಸಿದ್ದೂ ಅಷ್ಟು ಸಂಖ್ಯೆ ಮುಟ್ಟಲು ಒಂದು ಕಾರಣ. ಮಳೆ ಹಿಡಿಯುವ ಮೂರು ನಾಲ್ಕು ತಿಂಗಳು ಮುಂಚೆ ಬೀಜ ಹಾಕಬೇಕು. ಬಹಳ ಕಡೆ ಏಪ್ರಿಲ್ ಮೇ ಮಳೆ, ಆಮೇಲೆ ಆಗಸ್ಟಿನಿಂದ ಅಕ್ಟೋಬರ್ ಮಳೆ, ಆದರೆ ಉತ್ತರದ ಲೆಕ್ಕವೇ ಬೇರೆ, ಊರವರನ್ನು ಕೇಳಿ. ದಾನಿಗಳ ಹಣಕಾಸು ವರ್ಷ ನೋಡಿಕೊಂಡು ನೆಟ್ಟ ಸಸಿಗಳೆಲ್ಲ ಒಣಗಿಯೇ ಸಾಯುತ್ತವೆ.

ಬೆಳೆ ಇರುವಾಗ ಮೇಕೆ, ಹಸು ಹಗ್ಗದಲ್ಲಿರುತ್ತವೆ. ಕೊಯ್ಲಾದ ಮೇಲೆ ಬಿಡುತ್ತಾರೆ. ಹಾಗಾಗಿ ಬಿಡುವ ತಿಂಗಳಿಗೆ ಮೊದಲು ಕೊಂಬಿತ್ ಕರೆಸಿ ಮಾತಾಡಿ. ಕೊಂಬಿತ್ ಎಂದರೆ ಒಬ್ಬರ ಹೊಲದ ಕೆಲಸಕ್ಕೆ ಊರವರೆಲ್ಲ ಸೇರಿ ಬರುವ ಪದ್ಧತಿ, ಹಾಡು ಊಟ ಎಲ್ಲ ಇರುತ್ತದೆ. ನಿಮ್ಮ ಸಭೆಗಿಂತ ಅಲ್ಲಿ ಕೆಲಸ ಬೇಗ ಆಗುತ್ತದೆ.

ಇದ್ದಿಲನ್ನು ಬೈಯಬೇಡಿ

ಹೈಟಿಯ ಇಂಧನದಲ್ಲಿ ಬಹುಪಾಲು ಇವತ್ತಿಗೂ ಕಟ್ಟಿಗೆ ಮತ್ತು ಇದ್ದಿಲು. ಡೊಮಿನಿಕನ್ ಕಡೆ ಹಸಿರು ಉಳಿದದ್ದಕ್ಕೆ ಒಂದು ಕಾರಣ ಜನರ ಒಳ್ಳೇತನ ಅಲ್ಲ, ಸರ್ಕಾರ ಅಡುಗೆ ಗ್ಯಾಸನ್ನು ಅಗ್ಗ ಮಾಡಿದ್ದು. ಹೈಟಿಯಲ್ಲಿ ಅದಾಗುವವರೆಗೆ ಇದ್ದಿಲು ಇದ್ದೇ ಇರುತ್ತದೆ. ನಿಷೇಧ ಹಾಕಿದರೆ ಪೊಲೀಸರ ಮಾಮೂಲು ಏರುತ್ತದೆ, ಅಷ್ಟೇ.

ಹಾಗಾದರೆ ಮಾಡುವುದೇನು? ಬಯಾವಂದ್ ಎಂಬ ಮರ ನೋಡಿ. ಕನ್ನಡದಲ್ಲಿ ಬಳ್ಳಾರಿ ಜಾಲಿ ಎನ್ನುವುದು ಇದನ್ನೇ. ಒಣ ನೆಲದಲ್ಲಿ ತಾನೇ ಬೆಳೆಯುತ್ತದೆ, ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ. ಹೈಟಿಯ ಇದ್ದಿಲಿನಲ್ಲಿ ದೊಡ್ಡ ಪಾಲು ಇಂಥ ಮರುಚಿಗುರಿನಿಂದ ಬರುತ್ತದೆ, ಪ್ರತಿ ಮೂಟೆಯ ಹಿಂದೆ ಒಂದು ಕಾಡು ಸತ್ತಿರುವುದಿಲ್ಲ. ಆದ್ದರಿಂದ ಬೇರು ಅಗೆಯದೆ, ನೆಲಕ್ಕೆ ಹತ್ತಿರ ಓರೆಯಾಗಿ ಕಡಿದು, ಚಿಗುರು ಬಂದ ಮೇಲೆ ಗಟ್ಟಿಯಾದ ಎರಡು ಮೂರು ಉಳಿಸಿ ಮಿಕ್ಕದ್ದು ತೆಗೆಯುವ ಪದ್ಧತಿ ಬೆಳೆಸಿ. ಹೊಲವನ್ನು ನಾಲ್ಕೈದು ಭಾಗ ಮಾಡಿ ವರ್ಷಕ್ಕೊಂದು ಭಾಗ ಕಡಿಯಬಹುದು. ಮಣ್ಣು ಮುಚ್ಚಿ ಇದ್ದಿಲು ಸುಡುವಾಗ ಹಸಿ ಕಟ್ಟಿಗೆ ಬೇಡ, ಮತ್ತೆ ಎಲ್ಲಾದರೂ ತೂತು ಬಿದ್ದು ಹೊಗೆ ಜೋರಾದರೆ ತಕ್ಷಣ ಮಣ್ಣು ಮೆತ್ತಬೇಕು. ರಾತ್ರಿಯೆಲ್ಲ ಒಬ್ಬರು ಕಾಯಬೇಕು, ನಿದ್ದೆ ಹೋದರೆ ಬೆಳಿಗ್ಗೆ ಬೂದಿ.

ಮಾರುವವರ ಜೊತೆಯೂ ಮಾತಾಡಿ. ಹಳ್ಳಿಯಿಂದ ನಗರಕ್ಕೆ ಸರಕು ಸಾಗಿಸುವ ವ್ಯಾಪಾರಿ ಹೆಂಗಸರನ್ನು ಮಾದಾನ್ ಸಾರಾ ಎನ್ನುತ್ತಾರೆ. ಯಾವ ಹಣ್ಣಿಗೆ ಬೆಲೆ ಬಂದರೆ ಯಾವ ಮರ ಕೊಡಲಿಯಿಂದ ತಪ್ಪಿಸಿಕೊಳ್ಳುತ್ತದೆ ಎಂದು ಅವರಷ್ಟು ನಿಖರವಾಗಿ ಯಾವ ತಜ್ಞರೂ ಹೇಳುವುದಿಲ್ಲ. ರಫ್ತಾಗುವ ಫ್ರಾನ್ಸಿಸ್ ಮಾವಿನ ಮರವನ್ನು ರೈತ ಸುಲಭಕ್ಕೆ ಮುಟ್ಟುವುದಿಲ್ಲ. ಕೊಳೆತು ಬೀಳುವ ಮಾವಿನ ಮರಕ್ಕೆ ಆ ರಕ್ಷಣೆ ಇಲ್ಲ.

ದುಡ್ಡು, ಮತ್ತೆ ಲೆಕ್ಕ

ಅವರದೇ ಹೊಲದಲ್ಲಿ ಗೋಡೆ ಕಟ್ಟಲು ಮೀಟರಿಗೆ ಇಷ್ಟು ಎಂದು ಕೂಲಿ ಕೊಟ್ಟರೆ ಗೋಡೆ ನಿಮ್ಮದಾಗುತ್ತದೆ. ಕೂಲಿ ನಿಂತ ದಿನದಿಂದ ಬಿದ್ದ ಕಲ್ಲನ್ನು ಯಾರೂ ಎತ್ತಿಡುವುದಿಲ್ಲ. ಕೊರಕಲಿನಂಥ ಎಲ್ಲರ ಕೆಲಸಕ್ಕೆ ಕೂಲಿ ಕೊಡಿ, ಹೊಲದೊಳಗಿನದಕ್ಕೆ ಬೀಜ, ಸಸಿ, ಹತ್ಯಾರು ಮಾತ್ರ ಕೊಡಿ. ರಾಜಧಾನಿ ಪೋರ್ತ್-ಒ-ಪ್ರಿನ್ಸ್ ಮತ್ತು ಅಲ್ಲಿಂದ ಹೊರಡುವ ರಸ್ತೆಗಳಲ್ಲಿ ಶಸ್ತ್ರ ಹಿಡಿದ ಗುಂಪುಗಳ ಹಾವಳಿ ಇರುವಾಗ ಹೊರಗಿನಿಂದ ಜೀಪಿನಲ್ಲಿ ಹೋಗಿ ಮೇಲ್ವಿಚಾರಣೆ ಮಾಡುವ ಕನಸು ಬೇಡ. ಊರಿನ ರೈತ ಸಂಘಗಳ ಕೈಗೇ ದುಡ್ಡೂ ತೀರ್ಮಾನವೂ ಹೋಗಬೇಕು. ಗಂಡಾಂತರ ಇಲ್ಲದ ಕಾಲದಲ್ಲೂ ಹಾಗೇ ಇರಬೇಕಿತ್ತು ಬಿಡಿ.

ಎಷ್ಟು ಸಸಿ ನೆಟ್ಟಿರಿ ಎಂಬ ಅಂಕಿ ವರದಿಗೆ ಬೇಕಾಗುತ್ತದೆ, ಬರೆಯಿರಿ. ನಿಮ್ಮ ಸ್ವಂತ ಪುಸ್ತಕದಲ್ಲಿ ಮಾತ್ರ ಎರಡು ಬೇಸಿಗೆ ಕಳೆದ ಮೇಲೆ ಹೋಗಿ ಎಣಿಸಿದ್ದನ್ನು ಬರೆಯಿರಿ. ನಾಲ್ಕು ಕಾಲಂ ಹಾಕಿ: ಬದುಕಿದೆ, ಒಣಗಿದೆ, ಮೇಕೆ ತಿಂದಿದೆ, ಕಡಿದಿದ್ದಾರೆ. ನಾಲ್ಕನೆಯ ಕಾಲಂ ಎದುರು ಯಾಕೆ ಕಡಿದರು ಎಂದು ಕೇಳಿ ಅದನ್ನೂ ಬರೆಯಿರಿ. ಸೆಪ್ಟೆಂಬರಿನಲ್ಲಿ ಮಗಳ ಶಾಲೆ ಫೀಸಿಗೆ ಎಂದು ಬಂದರೆ, ಅದನ್ನು ನಷ್ಟದ ಲೆಕ್ಕಕ್ಕೆ ಸೇರಿಸಬೇಡಿ. ಬುಡ ಚಿಗುರಿದೆಯಾ ಎಂದು ಮಾತ್ರ ಬಗ್ಗಿ ನೋಡಿಕೊಂಡು ಬನ್ನಿ.